ಹಿರೇಳು ಉಟ್ಟ ಮೇಲೆ

ಹೊಸ ಸೀರೆಯನ್ನು ಮೂಸಿ ನೋಡುವ ಚಟ ನನಗೆ. ಅಂಗಡಿಯ ಗಂಜಿ ವಾಸನೆ ಎಂದರೆ ನನಗೆ ಬಾಡಿನ ಸಾರಿಗಿಂತ ಇಷ್ಟ. ಆದರೆ ಸೀರೆ ನನ್ನ ಮೈಗೆ ಬರುವ ಹೊತ್ತಿಗೆ ಆ ವಾಸನೆ ಹೋಗಿ ಊದುಬತ್ತಿ, ಸಾಂಬ್ರಾಣಿ ವಾಸನೆ ಕೂತಿರುತ್ತದೆ. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಇದೇ ಕತೆ. ನಾನು ಉಟ್ಟ ಒಂದು ಸೀರೆಯನ್ನೂ ನಾನೇ ಮೊದಲು ಉಟ್ಟವಳಲ್ಲ. ನನಗಿಂತ ಮುಂಚೆ ಅದನ್ನು ರಂಗಮ್ಮ ಉಟ್ಟಿರುತ್ತಾಳೆ. ರಂಗಮ್ಮ ನನ್ನ ಗಂಡನ ಮೊದಲ ಹೆಂಡತಿ. ಅವಳು ಸತ್ತಿದ್ದಕ್ಕೇ ನಾನು ಬಂದದ್ದು.

ನಮ್ಮಲ್ಲಿ ಎರಡನೆಯವಳಾಗಿ ಬಂದವಳಿಗೆ ತಾಳಿಯ ಜೊತೆಗೆ ಇನ್ನೊಂದು ಬಿಲ್ಲೆ ಕಟ್ಟುತ್ತಾರೆ. ಬೆಳ್ಳಿಯದು, ಹೆಬ್ಬೆರಳಿನ ಉಗುರಿನಷ್ಟು ಅಗಲ. ಅದರ ಮೇಲೆ ಹೆಂಗಸಿನ ಗೊಂಬೆ ಒತ್ತಿರುತ್ತಾರೆ. ಕಣ್ಣು ಮೂಗು ಇಲ್ಲ, ಎರಡು ಕೈ, ಒಂದು ಜಡೆ, ಸೀರೆಯ ನಾಲ್ಕು ಗೆರೆ. ಅದು ಸತ್ತವಳು. ಅದಕ್ಕೆ ಹಿರೇಳ ಬಿಲ್ಲೆ, ಹಿರಿಯವಳ ಬಿಲ್ಲೆ ಅನ್ನುತ್ತಾರೆ. ಧಾರೆಯ ದಿನ ನಮ್ಮತ್ತೆ ಅದನ್ನು ನನ್ನ ಕೊರಳಿಗೆ ಕಟ್ಟಿ, ಇನ್ನು ಮೇಲೆ ಹೊಸದು ಏನು ಬಂದರೂ ಮೊದಲು ಅವಳಿಗೆ, ಆಮೇಲೆ ನಿನಗೆ ಅಂದರು. ಸೀರೆ ಬಂದರೆ ಮಡಿಕೆ ಬಿಚ್ಚುವ ಹಾಗಿಲ್ಲ. ದೇವರ ಗೂಡಿನ ಪಕ್ಕ ಕಳಶ ಇಟ್ಟು, ಅದರ ಮುಂದೆ ಸೀರೆ ಇಟ್ಟು, ಹೂವು ಕುಂಕುಮ ಹಾಕಿ, ತಾಯಿ, ನೀನು ಉಟ್ಟು ನನಗೆ ಕೊಡು ಎಂದು ಕೇಳಬೇಕು. ಅವಳು ರಾತ್ರಿ ಉಡುತ್ತಾಳೆ. ಬೆಳಗ್ಗೆ ನನಗೆ ಕೊಡುತ್ತಾಳೆ. ಬಳೆಯಾದರೂ ಅಷ್ಟೆ, ರವಿಕೆ ಕಣವಾದರೂ ಅಷ್ಟೆ. ಚಪ್ಪಲಿ ಒಂದನ್ನು ಮಾತ್ರ ಬಿಟ್ಟಿದ್ದಾರೆ. ಅದಕ್ಕೇ ನಾನು ಚಪ್ಪಲಿಗಳನ್ನು ಒರೆಸಿ ಒರೆಸಿ ಇಟ್ಟುಕೊಳ್ಳುತ್ತೇನೆ.

ಅವಳಿಗಿರುವಷ್ಟು ಹೆಸರು ದೇವರಿಗೂ ಇಲ್ಲ. ಹುಲಿಕುಂಟೆ ಕಡೆಯ ನಮ್ಮ ಹಟ್ಟಿಯಲ್ಲಿ ಅವಳು ಹಿರೇಳು. ನೆಂಟರ ಬಾಯಲ್ಲಿ ಮೊದಲ್ನೋಳು. ನನ್ನ ತವರು ಪಾವಗಡದಿಂದ ಆಚೆ, ಮನೆಮಾತೇ ತೆಲುಗು. ಅಲ್ಲಿ ಅವಳು ಪೆದ್ದಾಮೆ. ನನ್ನನ್ನು ಕಳಿಸುವಾಗ ನಮ್ಮವ್ವ ಅಳಲಿಲ್ಲ ಕರೆಯಲಿಲ್ಲ, ‘ಪೆದ್ದಾಮೆಕಿ ಪೆಟ್ಟಿ ಕಟ್ಟುಕೋ’ ಅಂದಳು, ದೊಡ್ಡವಳಿಗೆ ಇಟ್ಟು ಉಟ್ಟುಕೋ ಎಂದು. ದೊಡ್ಡವಳಂತೆ. ಸಾಯುವಾಗ ಅವಳಿಗಿದ್ದ ವಯಸ್ಸು ಈಗ ನನ್ನ ಮೊಮ್ಮಗಳಿಗಿದೆ. ಸಿರಾದಲ್ಲಿ ನಾನು ಸೀರೆ ತರುವ ಅಂಗಡಿಯ ಬೀಬಮ್ಮನಿಗೂ ಈ ವಿಷಯ ಗೊತ್ತು. ಸೀರೆ ಮಡಿಚುತ್ತಾ, ಪೈಲೀವಾಲಿಗೆ ಪಸಂದ್ ಆಗ್ತದೋ ಇಲ್ವೋ ನೋಡವ್ವ ಅನ್ನುತ್ತಾಳೆ, ಅವಳ ಮಾತಿನಲ್ಲಿ ಮೊದಲನೆಯವಳು ಎಂದು. ಪಂಚಾಯ್ತಿಯಲ್ಲಿ ಕುರ್ಚಿ ಬಿಟ್ಟವರನ್ನು ಮಾಜಿ ಅನ್ನುತ್ತಾರಲ್ಲ, ಮಾಜಿ ಆದ ಮೇಲೆ ಟೀ ಅಂಗಡಿಯವನೂ ಅವರನ್ನು ಕೂರಿಸಿಕೊಳ್ಳುವುದಿಲ್ಲ. ನಮ್ಮ ಮನೆಯ ಮಾಜಿ ಮಾತ್ರ ಹೋದ ಮೇಲೇ ಅಧಿಕಾರಕ್ಕೆ ಬಂದವಳು.

ನೀವೇ ಹೇಳಿ, ಬದುಕಿರುವ ಸವತಿಯಾದರೆ ಜಗಳವಾಡಬಹುದು. ಜುಟ್ಟು ಹಿಡಿಯಬಹುದು. ಅವಳು ಮಾಡಿದ ಸಾರಿಗೆ ಉಪ್ಪು ಜಾಸ್ತಿ ಅನ್ನಬಹುದು. ಅವಳಿಗೂ ಹಲ್ಲು ಬೀಳುತ್ತದೆ, ಮಂಡಿ ಹಿಡಿಯುತ್ತದೆ. ಸತ್ತವಳಿಗೆ ಏನೂ ಆಗುವುದಿಲ್ಲ. ರಂಗಮ್ಮನ ಫೋಟೊ ಕೂಡ ಇಲ್ಲ, ಹಾಗಾಗಿ ಅವಳು ವರ್ಷ ವರ್ಷ ಚಂದವಾಗುತ್ತಾ ಹೋದಳು. ನಾನು ಬಂದ ಹೊಸತರಲ್ಲಿ ಅವಳದು ಎಣ್ಣೆಗೆಂಪು ಬಣ್ಣ ಎಂದಿದ್ದರು. ನನ್ನ ಮಗ ಹುಟ್ಟುವ ಹೊತ್ತಿಗೆ ಗೋಧಿ ಬಣ್ಣವಾಯಿತು. ಅವನ ಮದುವೆಯಲ್ಲಿ ಯಾರೋ ಮುದುಕಿ, ರಂಗಮ್ಮ ನೀರು ಕುಡಿದರೆ ಗಂಟಲಲ್ಲಿ ಕಾಣುತ್ತಿತ್ತು ಅಂದಳು. ಇನ್ನಷ್ಟು ವರ್ಷ ಹೋದರೆ ಬೆಳ್ಳಗಾಗಿ ಆಗಿ ಮಾಯವೇ ಆಗಿಬಿಡುತ್ತಾಳೆ ಎಂದು ನಾನು ಕಾಯುತ್ತಿದ್ದೇನೆ. ನನ್ನ ಹೆಸರು ಕೆಂಚಮ್ಮ, ಬಣ್ಣ ಮಾತ್ರ ರೊಟ್ಟಿ ಹಂಚಿನ ತಳ.

ಹಿತ್ತಲಿನ ಹುಣಸೆಮರದ ವಿಷಯ ಹೇಳಲೇಬೇಕು. ರಂಗಮ್ಮ ಯಾವಾಗಲೋ ಹುಣಸೆಬೀಜ ಅಗಿದು ಉಗಿದಳಂತೆ, ಮೊಳೆಯಿತಂತೆ. ಅವಳು ಮಾಡಿದ್ದು ಉಗಿದದ್ದು ಅಷ್ಟೆ. ಬೇಸಿಗೆಯಲ್ಲಿ ಬಿಂದಿಗೆ ನೀರು ಹೊತ್ತು ಹಾಕಿದ್ದು ನಾನು, ಕುರಿ ಬಾಯಿ ಹಾಕದಂತೆ ಮುಳ್ಳು ಕಟ್ಟಿದ್ದು ನಾನು, ಈಗಲೂ ಕಾಯಿ ಬಡಿದು, ಕುಟ್ಟಿ, ಬೀಜ ತೆಗೆಯುವುದು ನಾನು. ಊರಿನ ಬಾಯಲ್ಲಿ ಅದು ರಂಗಮ್ಮನ ಮರ. ಕೊಳ್ಳಲು ಬರುವ ವ್ಯಾಪಾರಿಯೂ, ರಂಗಮ್ಮನ ಮರದ ಹಣ್ಣು ಐತೇನವ್ವ ಎಂದು ನನ್ನನ್ನೇ ಕೇಳುತ್ತಾನೆ. ಕುರಿ ಮಂದೆಯಲ್ಲಿ ಗಂಟೆ ಕಟ್ಟಿದ ಕುರಿ ಮುಂದೆ ಹೋಗುತ್ತದೆ, ಮಿಕ್ಕವು ಅದರ ಹಿಂದೆ ತಲೆ ತಗ್ಗಿಸಿಕೊಂಡು ಹೋಗುತ್ತವೆ. ಗಂಟೆಯವಳು ಸತ್ತರೆ ಗಂಟೆ ಬಿಚ್ಚಿ ಇನ್ನೊಂದಕ್ಕೆ ಕಟ್ಟುತ್ತಾರೆ. ಕುರಿಗಳಿಗಿರುವ ಆ ನ್ಯಾಯ ನನಗಿಲ್ಲ.

ಹಳೆಯದು ಉಡುವುದು ನನಗೇನೂ ಹೊಸದಲ್ಲ. ತವರಲ್ಲಿ ನಾನು ಹೆಣ್ಣುಮಕ್ಕಳಲ್ಲಿ ಕಡೆಯವಳು. ಅಕ್ಕನ ಲಂಗ ನಡುವಿನ ಅಕ್ಕನಿಗೆ ಬಂದು, ಅವಳಿಂದ ನನಗೆ ಬರುವುದು. ಪ್ರತಿ ಸಲ ಅಂಚು ಬಿಚ್ಚಿ ಮತ್ತೆ ಹೊಲಿದ ಗುರುತು ಲಂಗದ ಸುತ್ತ ಗೆರೆ ಗೆರೆಯಾಗಿ ಉಳಿದಿರುತ್ತಿತ್ತು. ಕಡಲೆಕಾಯಿ ಹೊಲದಲ್ಲಿ ಕೂತಾಗ ಆ ಗೆರೆಗಳನ್ನು ಬೆರಳಲ್ಲಿ ಎಳೆಯುತ್ತಾ, ಮದುವೆಯಾದರೆ ಹೊಸ ಸೀರೆ ಎಂದುಕೊಳ್ಳುತ್ತಿದ್ದೆ. ಆಯಿತು ಮದುವೆ. ಅಲ್ಲಿ ಬದುಕಿದ್ದವರು ಉಟ್ಟದ್ದು, ಇಲ್ಲಿ ಸತ್ತವಳು ಉಟ್ಟದ್ದು.

ಗಂಡ ಒಳ್ಳೆಯ ಮನುಷ್ಯನೇ. ವರ್ಷದಲ್ಲಿ ಅರ್ಧ ಕುರಿಗಳ ಹಿಂದೆ ಆಂಧ್ರದ ಕಡೆ ಇರುತ್ತಿದ್ದರು, ಮಿಕ್ಕರ್ಧ ಕಂಬಳಿ ಹೊದ್ದು ಮಲಗುತ್ತಿದ್ದರು. ರಂಗಮ್ಮನ ಸುದ್ದಿಯನ್ನು ನನ್ನೆದುರು ಎತ್ತಿದವರಲ್ಲ. ಅದೇ ನನ್ನನ್ನು ಇನ್ನೂ ಉರಿಸುತ್ತಿತ್ತು. ನನ್ನ ಮುದ್ದೆ ಗಂಟಾದ ದಿನ ಬೈಯುವುದು ಬಿಟ್ಟು ತಟ್ಟೆ ನೋಡಿಕೊಂಡು ಸುಮ್ಮನೆ ಕೂರುವರು. ಅವಳ ಮುದ್ದೆ ನೆನಪಾಯಿತಾ ಎಂದು ಒಂದು ಸಲ ಕೇಳಿಯೇಬಿಟ್ಟೆ. ‘ಹಲ್ಲುನೋವು ಕಣೇ’ ಅಂದರು. ನಂಬಲಿಲ್ಲ ನಾನು. ಆಮೇಲೆ ಸಿರಾಕ್ಕೆ ಹೋಗಿ ಹಲ್ಲು ಕೀಳಿಸಿಕೊಂಡು ಬಂದರು, ಆಗಲೂ ನಂಬಲಿಲ್ಲ.

ಅವರು ಹೋದಾಗ ತಾಳಿ ತೆಗೆದರು, ಜೊತೆಗೇ ಬಿಲ್ಲೆಯೂ ಇಳಿಯಿತು. ಇನ್ನಾದರೂ ಬಿಟ್ಟಳಲ್ಲ ಎಂದುಕೊಂಡೆ. ಅಳುತ್ತಿದ್ದ ನಮ್ಮತ್ತೆ ಅಳು ನಿಲ್ಲಿಸಿ, ಕೊರಳಿಂದ ಇಳಿದಳೇ ಹೊರತು ಮನೆಯಿಂದ ಇಳಿದಿಲ್ಲ ಎಂದು ಹೇಳಿ ಬಿಲ್ಲೆಯನ್ನು ದೇವರ ಬುಟ್ಟಿಗೆ ಹಾಕಿದರು. ಅಲ್ಲಿಗೆ ನನ್ನ ಹೊಟ್ಟೆಯುರಿಗೆ ಇನ್ನೊಂದು ಸೌದೆ ಬಿತ್ತು. ನಾನು ಮುಂಡೆಯಾದೆ, ಅವಳು ಇಂದಿಗೂ ಮುತ್ತೈದೆ. ಮಾರ್ಲಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಅವಳಿಗೆ ಅರಿಶಿನ, ಕುಂಕುಮ, ಹಸಿರು ಬಳೆ, ಹೂವು. ಎಲ್ಲವನ್ನೂ ತಂದು ಜೋಡಿಸುವುದು ಬರಿ ಕೈಯವಳಾದ ನಾನು.

ಅತ್ತೆಯೂ ಹೋಗಿ ಬಹಳ ಕಾಲವಾಯಿತು. ಮತ್ತೆ ಯಾಕೆ ಇಷ್ಟು ವರ್ಷ ಇಟ್ಟು ಇಟ್ಟು ಉಟ್ಟೆ ಅಂತೀರಾ? ಹೆದರಿಕೆ. ಬಂದ ಹೊಸತರಲ್ಲಿ ಒಂದು ಸಲ, ತವರಿಂದ ತಂದ ರವಿಕೆಯನ್ನು ಅವಳಿಗೆ ಇಡದೆ ತೊಟ್ಟಿದ್ದೆ. ಆ ವಾರವೇ ಒಂದು ಕುರಿ ಕಂದು ಹಾಕಿತು. ಅತ್ತೆ ಸತ್ತ ಮರಿಯನ್ನು ಮೊರದಲ್ಲಿಟ್ಟುಕೊಂಡು ಹಟ್ಟಿಯ ಮನೆ ಮನೆಗೂ ತೋರಿಸಿಕೊಂಡು ಬಂದರು, ನಮ್ಮ ಸೊಸೆಯ ರವಿಕೆ ನೋಡ್ರವ್ವ ಎಂದು. ಇನ್ನೊಮ್ಮೆ ರಾತ್ರಿ ಇಟ್ಟ ಸೀರೆಯ ಸೆರಗನ್ನು ಇಲಿ ಕಡಿದಿತ್ತು. ಬಣ್ಣ ಅವಳಿಗೆ ಹಿಡಿಸಲಿಲ್ಲ, ಅದಕ್ಕೇ ಕಚ್ಚಿದ್ದಾಳೆ ಅಂದರು. ಅವಳಿಗೆ ಹಸಿರು ಅಂದರೆ ಪ್ರಾಣವಂತೆ. ಅಂದಿನಿಂದ ಹಸಿರೇ ತಂದೆ. ಇಲಿ ಮಾತ್ರ ಹಸಿರನ್ನೂ ಕಡಿಯಿತು.

ಈ ಸಲದ ಮಾರ್ಲಮಿಗೆ ಸಿರಾದಿಂದ ಒಂದು ಸೀರೆ ತಂದೆ. ಈರುಳ್ಳಿ ಸಿಪ್ಪೆ ಬಣ್ಣ, ಕಪ್ಪು ಅಂಚು. ಬೀಬಮ್ಮ ಎಂದಿನಂತೆ ಹಸಿರಿನ ರಾಶಿ ಎಳೆದಳು. ಬೇಡ ಅಂದೆ. ಪೈಲೀವಾಲಿಗೆ ಅಂದಳು. ಅವಳಿಗಲ್ಲ, ಈ ಸಲ ನನಗೆ ಅಂದೆ. ಬಾಯಿಂದ ಬಂದುಬಿಟ್ಟಿತು. ಬಸ್ಸಿನಲ್ಲಿ ಬರುವಾಗ ಕವರನ್ನು ತೊಡೆಯ ಮೇಲಿಟ್ಟುಕೊಂಡು ಮೂಸುತ್ತಲೇ ಬಂದೆ. ಕಣ್ಣಿಗೆ ಪೊರೆ ಬಂದಿದೆ, ಮಂಡಿ ಹೋಗಿದೆ. ಸಾಯುವುದರೊಳಗೆ ಒಂದೇ ಒಂದು ಸೀರೆಯನ್ನು ಗಂಜಿ ವಾಸನೆ ಇರುವಾಗಲೇ ಉಡಬೇಕು, ನನಗಿಂತ ಮುಂಚೆ ಯಾರೂ ಉಟ್ಟಿರಬಾರದು. ಬೇರೆ ಯಾವ ಆಸೆಯೂ ನನಗೆ ಉಳಿದಿಲ್ಲ.

ಸೊಸೆ ಭಾಗ್ಯಳಿಗೆ ಹೇಳಿದರೆ ಅವಳ ಕೈಯಲ್ಲಿದ್ದ ಮೊರ ಹಾಗೇ ನಿಂತಿತು.

‘ಬ್ಯಾಡ ಕಣತ್ತೆ. ಕುರಿ ಎಲ್ಲಾ ಗಬ್ಬ ಆಗವೆ. ಏನಾರ ಆದ್ರೆ?’

‘ಆದ್ರೆ ನನ್ನೆಸ್ರು ಹೇಳು.’

‘ನಿಮ್ಮೆಸ್ರು ಹೇಳಿದ್ರೆ ಮರಿ ಎದ್ದು ಬತ್ತವಾ?’

ತಪ್ಪೇನೂ ಹೇಳಲಿಲ್ಲ ಅವಳು. ನನ್ನ ಮಗ ಮಂದೆ ಹೊಡೆದುಕೊಂಡು ಮದಲೂರು ಕೆರೆಯ ಕಡೆ ಹೋಗಿದ್ದ. ಭಾಗ್ಯ ಫೋನಿನಲ್ಲಿ ಅವನ ಮುಖ ಬರಿಸಿ ನನ್ನೆದುರು ಹಿಡಿದಳು. ಅವನು ಒಂದು ಸಲ ನನ್ನನ್ನು, ಒಂದು ಸಲ ಕುರಿಗಳನ್ನು ನೋಡಿ, ಸಿಗ್ನಲ್ ಸಿಗ್ತಿಲ್ಲ ಕಣವ್ವ ಎಂದು ಆಫ್ ಮಾಡಿದ. ಅಪ್ಪನ ಮಗ. ಸೀರೆಯ ಕವರ್ ಮಂಚದ ಮೇಲೆ, ಭಾಗ್ಯ ಒಲೆಯ ಮುಂದೆ, ನಾನು ಜಗಲಿಯ ಮೇಲೆ.

ಹಬ್ಬದ ಹಿಂದಿನ ದಿನ ಹೀಗಿರುವಾಗಲೇ ಆಟೊದಲ್ಲಿ ಒಬ್ಬಳು ಮುದುಕಿ ಬಂದು ಇಳಿದಳು. ಕೋಲೂರಿಕೊಂಡು ಬಂದು, ಇದು ರಂಗಮ್ಮನ ಮನೆಯೇನವ್ವ ಅಂದಳು. ಮನೆಯೂ ಅವಳದೇ ಆಯಿತಲ್ಲ ಎಂದು ಉರಿದುಹೋದೆ. ಬಂದವಳು ಹನುಮಕ್ಕ, ರಂಗಮ್ಮನ ಒಡಹುಟ್ಟಿದ ತಂಗಿ. ಮಧುಗಿರಿ ಕಡೆಯವಳು. ಅಕ್ಕ ಸತ್ತಾಗ ನಮ್ಮತ್ತೆಗೂ ಅವರಿಗೂ ಮಾತಿಗೆ ಮಾತು ಬೆಳೆದು ಬರುವುದು ಹೋಗುವುದು ನಿಂತಿತ್ತು. ಈಗ ಮೊಮ್ಮಗಳನ್ನು ತಾವರೆಕೆರೆಗೆ ಕೊಟ್ಟಿದ್ದಾಳೆ. ಅಲ್ಲಿಗೆ ಬಂದವಳು, ಕಣ್ಣು ಮುಚ್ಚುವುದರೊಳಗೆ ಅಕ್ಕನಿಗೆ ಎಡೆ ಇಡುವುದನ್ನು ನೋಡೋಣ ಎಂದು ಇಲ್ಲಿಗೂ ಬಂದಿದ್ದಳು.

ನಾನು ಮೊದಲು ನೋಡಿದ್ದು ಅವಳ ಬಣ್ಣವನ್ನು. ನನಗಿಂತ ಒಂದು ಮುಷ್ಟಿ ಕಪ್ಪು. ಅಕ್ಕನೂ ನಿನ್ನ ಹಾಗೆಯೇ ಇದ್ದಳಾ ಎಂದು ಕೇಳಿದೆ. ನನಗಿಂತ ಕಪ್ಪು ಅಂದಳು. ಅವಳಿಗೆ ಎರಡು ಲೋಟ ಕಾಫಿ ಕೊಟ್ಟೆ.

ಎಲೆ ಅಡಿಕೆ ಕುಟ್ಟಿ ಬಾಯಿಗೆ ಹಾಕಿಕೊಂಡು ಕೂತಮೇಲೆ ಅಕ್ಕನ ಬಿಲ್ಲೆ ನೋಡಬೇಕು ಅಂದಳು. ದೇವರ ಬುಟ್ಟಿಯಿಂದ ತಂದು ಕೊಟ್ಟೆ. ಸೆರಗಿನಲ್ಲಿ ಒರೆಸಿದಳು, ಬೆಳಕಿಗೆ ಹಿಡಿದಳು, ಅಂಚಿನಲ್ಲಿ ನೆಗ್ಗಿದ್ದ ಕಡೆ ಉಗುರಾಡಿಸಿದಳು. ಆ ನೆಗ್ಗು ನಾನು ಬಂದಾಗಿನಿಂದಲೂ ಇದೆ. ಅಕ್ಕಸಾಲಿಯ ಕೈ ಕೆಟ್ಟದ್ದು ಎಂದುಕೊಂಡಿದ್ದೆ.

‘ಇದು ನಮ್ಮಕ್ಕಂದಲ್ಲ ಕಣಮ್ಮ. ನಮ್ಮಕ್ಕ ಹಾಕ್ಕೊಂಡಿದ್ದಿದ್ದು.’

‘ಅಂಗಂದ್ರೆ?’

‘ಮುಂಚಿನೋಳ್ದು.’

‘ಯಾವ ಮುಂಚಿನೋಳು?’

ಹನುಮಕ್ಕ ಅಗಿಯುವುದನ್ನು ನಿಲ್ಲಿಸಿದಳು. ‘ನಿಂಗೆ ಯೋಳೇ ಇಲ್ವಾ?’

ಹೇಳಿರಲಿಲ್ಲ. ರಂಗಮ್ಮನಿಗಿಂತ ಮುಂಚೆ ನನ್ನ ಗಂಡನಿಗೆ ಇನ್ನೊಂದು ಮದುವೆಯಾಗಿತ್ತಂತೆ. ಆಗ ಇವರ ಹಟ್ಟಿ ಮದಲೂರಿನ ಆಚೆ ಇತ್ತು. ಆ ಹುಡುಗಿ ಬಂದ ವರ್ಷವೇ ಚಳಿಜ್ವರದಲ್ಲಿ ಹೋದಳು. ಆ ಜಾಗ ಆಗಿಬರಲಿಲ್ಲ ಎಂದು ಇವರು ಕುರಿ ಕಟ್ಟಿಕೊಂಡು ಈ ಕಡೆ ಬಂದರು. ರಂಗಮ್ಮನ ಮನೆಯವರು ಗೊತ್ತಿದ್ದೇ ಎರಡನೆಯವಳಾಗಿ ಕೊಟ್ಟರು. ಬೆಳ್ಳಿಯ ಬಿಲ್ಲೆ ಮಾಡಿಸಿದ್ದು ಆಗಲೇ. ರಂಗಮ್ಮ ಮಕ್ಕಳಿಲ್ಲದೆ ಹಾವು ಕಚ್ಚಿ ಸತ್ತಮೇಲೆ, ಇಬ್ಬರನ್ನು ಕಳೆದುಕೊಂಡವನಿಗೆ ಹತ್ತಿರದವರು ಯಾರು ಹೆಣ್ಣು ಕೊಡುತ್ತಾರೆ? ಅದಕ್ಕೇ ಅತ್ತೆ ಯಾರಿಗೂ ಸುದ್ದಿ ಮುಟ್ಟದ ಪಾವಗಡದ ಆಚೆಗೆ ಬಂದರು. ಹಟ್ಟಿಯವರ, ನೆಂಟರ ಬಾಯಿ ಕಟ್ಟಿ ಒಬ್ಬಳನ್ನು ಮರೆಸಿದರು. ಮಾಡಿಸಿದ ಬಿಲ್ಲೆ ಮನೆಯಲ್ಲಿ ಇದ್ದೇ ಇತ್ತು, ಅದನ್ನೇ ನನಗೆ ಕಟ್ಟಿದರು. ಗೊಂಬೆಗೆ ಮುಖವಿಲ್ಲವಲ್ಲ, ಯಾರಾದರೂ ಆಗುತ್ತಾಳೆ.

ನೆಗ್ಗಿದ್ದು ಹೇಗೆ ಎಂದು ಕೇಳಿದೆ.

‘ನಮ್ಮಕ್ಕ ಕಚ್ಚಿದ್ದು. ತವರಿಗೆ ಬಂದಾಗ ಸಿಟ್ಟು ಬಂದ್ರೆ ಕೊರಳಾಗಿರಂಗೇ ಬಾಯಿಗೆ ಹಾಕ್ಕೊಂಡು ಅಗಿಯೋಳು. ಇವಳ ಮಕ ಅಗಿದ್ಬುಡ್ತೀನಿ, ಒಂದು ಸೀರೆನಾದ್ರೂ ನಂಗೆ ಅಂತ ಬುಡಲ್ಲ ಮುಂಡೆ, ಅನ್ನೋಳು.’

ನಾನು ಬಿಲ್ಲೆಯನ್ನು ಇಸಿದುಕೊಂಡು ನೋಡಿದೆ. ಪೊರೆ ಬಂದ ಕಣ್ಣಿಗೆ ಕಾಣಲಿಲ್ಲ, ಬೆರಳಿಗೆ ತಿಳಿಯಿತು. ಹಲ್ಲಿನ ಗುರುತು. ಎಷ್ಟೋ ಸಲ ನನಗೂ ಅದನ್ನು ಕಚ್ಚಬೇಕು ಅನ್ನಿಸಿತ್ತು, ಧೈರ್ಯ ಬಂದಿರಲಿಲ್ಲ. ಆ ಮುಂಚಿನೋಳ ಹೆಸರೇನು ಎಂದು ಕೇಳಿದೆ. ಹನುಮಕ್ಕನಿಗೆ ಗೊತ್ತಿಲ್ಲ. ಯಾರೂ ಹೆಸರು ಎತ್ತುತ್ತಿರಲಿಲ್ಲವಂತೆ. ಮುಂಚಿನೋಳು ಅನ್ನುತ್ತಿದ್ದರಂತೆ, ಅಷ್ಟೆ.

ಅಂದು ಇಡೀ ದಿನ ನನಗೆ ಕೆಲಸ ಓಡಲಿಲ್ಲ. ಎರಡನೆಯವಳು ಎಂದು ಇಷ್ಟು ವರ್ಷ ಉರಿದುಕೊಂಡಿದ್ದೆ, ನೋಡಿದರೆ ಮೂರನೆಯವಳು. ಉರಿಯನ್ನು ತಪ್ಪು ವಿಳಾಸಕ್ಕೆ ಕಳಿಸುತ್ತಾ ಇದ್ದೆ. ರಂಗಮ್ಮನೂ ನನ್ನ ಹಾಗೆ ಸಾಂಬ್ರಾಣಿ ವಾಸನೆಯ ಸೀರೆ ಉಟ್ಟವಳು ಎಂದು ತಿಳಿದು ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆ ಮುಂಚಿನೋಳ ಮೇಲಾದರೂ ಹೊಟ್ಟೆಕಿಚ್ಚು ಪಡೋಣವೆಂದರೆ ಹಿಡಿದುಕೊಳ್ಳಲು ಏನೂ ಇಲ್ಲ. ಬಣ್ಣವಿಲ್ಲ, ಮರವಿಲ್ಲ, ಹೆಸರಿಲ್ಲ. ಒಂದು ವರ್ಷ ಈ ಮನೆಯ ಮುದ್ದೆ ಉಂಡು ಹೋದವಳು. ಕಡೆಗೆ ನನ್ನ ಮೇಲೇ ಸಿಟ್ಟು ಬಂತು. ಹಿರೇಳು ಅನ್ನಿಸಿಕೊಳ್ಳಬೇಕಾದರೆ ಹಿಂದೆ ಒಬ್ಬಳು ಬರಬೇಕು. ನನ್ನ ಹಿಂದೆ ಯಾರೂ ಬರಲಿಲ್ಲ, ಗಂಡನೇ ಮೊದಲು ಹೋದರು. ನನ್ನ ಬಿಲ್ಲೆ ಯಾರ ಕೊರಳಲ್ಲೂ ನೇತಾಡುವುದಿಲ್ಲ. ಯಾರೂ ಅದನ್ನು ಕಚ್ಚುವುದಿಲ್ಲ. ಅವರಿಬ್ಬರಿಗೂ ಆ ಪುಣ್ಯ ಸಿಕ್ಕಿತಲ್ಲ.

ಹಾಗಾದರೆ ಒಂದು ಕೆಲಸವಾದರೂ ಈ ಮನೆಯಲ್ಲಿ ನಾನೇ ಮೊದಲು ಮಾಡುತ್ತೇನೆ ಎಂದು ಅಲ್ಲೇ ತೀರ್ಮಾನ ಮಾಡಿದೆ. ಅಷ್ಟು ಹಾರಾಡುತ್ತಿದ್ದ ರಂಗಮ್ಮ ಮಾಡಿದ್ದೇನು, ಬೆಳ್ಳಿ ಕಚ್ಚಿದ್ದು. ನಾನು ಸೀರೆಯನ್ನೇ ಉಡುತ್ತೇನೆ.

ಅಮಾವಾಸ್ಯೆಯ ಬೆಳಗ್ಗೆ ನೀರು ಹಾಕಿಕೊಂಡು ಬಂದು ಬಾಗಿಲು ಮುಂದಕ್ಕೆ ಮಾಡಿ ಕವರ್ ತೆಗೆದೆ. ಮಡಿಕೆ ಬಿಚ್ಚಿದೆ. ಗಂಜಿ ವಾಸನೆ ಮುಖಕ್ಕೆ ಹೊಡೆಯಿತು. ಸೀರೆ ಮಾತು ಕೇಳುತ್ತಿರಲಿಲ್ಲ, ನೆರಿಗೆ ಹಿಡಿದರೆ ಬಡ್ಡಿಮಗಂದು ರಟ್ಟಿನ ಹಾಗೆ ನಿಲ್ಲುತ್ತಿತ್ತು. ಹೊಸ ಸೀರೆ ಹೀಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಆದರೂ ಎರಡು ಸಲ ಬಿಚ್ಚಿ ಉಟ್ಟೆ. ಸೆರಗು ಹೊದ್ದು ಹೊರಗೆ ಬಂದೆ.

ಭಾಗ್ಯ ನೋಡಿದಳು. ನೇರ ಹೋಗಿ ಹಟ್ಟಿಯಲ್ಲಿ ಉಳಿದಿದ್ದ ಗಬ್ಬದ ಕುರಿಗಳನ್ನು ನೋಡಿಕೊಂಡು ಬಂದು ಸಾರು ಕದಡಿದಳು. ನಾನು ಎಡೆ ಹಾಕಿದೆ. ಗಂಡನಿಗೆ ಬಾಡಿನ ಸಾರು, ಒಂದು ಕಟ್ಟು ಬೀಡಿ. ಅತ್ತೆಗೆ ಕಡಬು. ರಂಗಮ್ಮನಿಗೆ ಬಳೆ, ಕುಂಕುಮ, ಹುರುಳಿ ಉಸಲಿ. ಈ ಸಲ ಇನ್ನೊಂದು ಎಲೆ ಹಾಸಿದೆ, ಮುಂಚಿನೋಳಿಗೆ. ಅವಳಿಗೇನು ಇಷ್ಟವೋ ಯಾರಿಗೂ ಗೊತ್ತಿಲ್ಲ. ನನಗಿಷ್ಟವಾದ ಕಡಲೆಕಾಯಿ ಹೋಳಿಗೆ ಇಟ್ಟೆ. ಹೇಗಿದ್ದರೂ ಆಮೇಲೆ ತಿನ್ನುವವಳು ನಾನೇ.

ಹನುಮಕ್ಕ ಕಂಬಕ್ಕೆ ಒರಗಿ ಕೂತು ನನ್ನನ್ನೇ ನೋಡುತ್ತಿದ್ದಳು. ಸೀರೆ ಹೊಸದಾ ಅಂದಳು. ಹೊಸದು ಅಂದೆ. ಇಟ್ಟು ಉಟ್ಟೆಯಾ ಅಂದಳು. ಇಡಲಿಲ್ಲ, ನಾನೇ ಮೊದಲು ಉಟ್ಟೆ ಅಂದೆ. ಒಲೆಯ ಹತ್ತಿರ ಸೌಟಿನ ಸದ್ದು ನಿಂತಿತು. ನಾನು ಸೆರಗು ಎಳೆದುಕೊಂಡು ನೆಟ್ಟಗೆ ನಿಂತೆ. ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಗತೊಡಗಿದಳು.

‘ನಮ್ಮಕ್ಕನೂ ಇಂಗೇ ಮಾಡಿದ್ಲು ಕಣಮ್ಮ. ಒಂದ್ಸಲ ಹೊಸ ಸೀರೆ ಇಡ್ದೆ ಉಟ್ಕೊಂಡು ಊರೆಲ್ಲಾ ಸುತ್ತಿ ಬಂದಿದ್ಲು. ನಿಮ್ಮತ್ತೆ ಕುರಿ ಎಣಿಸಿದ್ದೇ ಎಣಿಸಿದ್ದು.’

‘ಆಮ್ಯಾಕೆ ಏನಾತು?’ ಎಂದು ಒಳಗಿಂದ ಕೇಳಿದ್ದು ಭಾಗ್ಯ.

‘ಏನಾಯ್ತದೆ? ಆ ವರ್ಷ ಎಲ್ಡೆಲ್ಡು ಮರಿ ಹಾಕಿದ್ವು.’

ಭಾಗ್ಯಳ ಸೌಟು ಮತ್ತೆ ಆಡತೊಡಗಿತು. ಅವಳ ಪಾಲಿಗೆ ಅಲ್ಲಿಗೆ ಮುಗಿಯಿತು. ನಾನು ಅಲ್ಲೇ, ಎಡೆಯ ಮುಂದೆ, ರಟ್ಟಿನಂಥ ಸೀರೆಯಲ್ಲಿ ನಿಂತಿದ್ದೆ. ರಂಗಮ್ಮನ ಬಿಲ್ಲೆಯಲ್ಲದ ಬಿಲ್ಲೆ ರಂಗಮ್ಮನ ಎಲೆಯ ಪಕ್ಕ ಮುಖವಿಲ್ಲದೆ ಬಿದ್ದಿತ್ತು. ಇದರಲ್ಲೂ ಅವಳೇ ಮೊದಲು. ಬೇರೆ ಏನೂ ಕೇಳಲು ತೋಚದೆ, ಆ ಸೀರೆಯ ಬಣ್ಣ ಯಾವುದು ಎಂದು ಹನುಮಕ್ಕನನ್ನು ಕೇಳಿದೆ.

ಹಸಿರು ಅಂದಳು.

ಸದ್ಯ. ಈರುಳ್ಳಿ ಸಿಪ್ಪೆಯಾದರೂ ನನಗೆ ಉಳಿಯಿತು.